ಫಿಟ್ಸ್‌ಗೆ ಕೊಡುವ ಕ್ಯಾನಬಿಡಿಯಾಲ್ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆಯೇ?

ಪ್ರಶ್ನೆ: ಡಾಕ್ಟರೇ, ನಮ್ಮ ಮಗನಿಗೆ ಒಂಬತ್ತು ವರ್ಷ. ಲೆನಾಕ್ಸ್-ಗ್ಯಾಸ್ಟೊ ಸಿಂಡ್ರೋಮ್ ಎಂಬ, ಬಾಲ್ಯದಲ್ಲೇ ಶುರುವಾಗುವ ಹಠಮಾರಿ ಫಿಟ್ಸ್ ಕಾಯಿಲೆ ಇದೆ. ವ್ಯಾಲ್ಪ್ರೊಯೇಟ್, ಕ್ಲೋಬಜಾಮ್ ಎಂಬ ಫಿಟ್ಸ್ ಔಷಧಿಗಳು ಮೊದಲಿಂದಲೂ ಇದ್ದವು. ಆರು ತಿಂಗಳ ಹಿಂದೆ ಕುಡಿಸುವ ಕ್ಯಾನಬಿಡಿಯಾಲ್ ಸೇರಿಸಿದರು. ನಿಂತಲ್ಲೇ ಧೊಪ್ಪನೆ ಬೀಳುವುದು ಅರ್ಧಕ್ಕರ್ಧ ಕಡಿಮೆಯಾಗಿದೆ. ಆದರೆ ಇದೇ ಆರು ತಿಂಗಳಲ್ಲಿ ಮೂರು ಸಲ ಎದೆಯಲ್ಲಿ ಕಫ ಕಟ್ಟಿತು, ಒಂದು ಸಲ ಅದು ನ್ಯುಮೋನಿಯಾಕ್ಕೆ ತಿರುಗಿತು. ಈ ಔಷಧಿ ಬಿಳಿ ರಕ್ತಕಣಗಳನ್ನು ಸಾಯಿಸುತ್ತದೆ ಎಂದು ಒಂದು ಕಡೆ ಓದಿದೆ. ಆ ಕಣಗಳನ್ನು ಸುಮ್ಮನಾಗಿಸಿಯೇ ಇದು ಫಿಟ್ಸ್ ತಡೆಯುತ್ತದೆ ಎಂದು ಇನ್ನೊಂದು ಕಡೆ ಓದಿದೆ. ಯಾವುದು ನಿಜ? ಔಷಧಿ ನಿಲ್ಲಿಸಬೇಕೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನೀವಾಗಿಯೇ ನಿಲ್ಲಿಸಬೇಡಿ. ಕೆಲಸ ಮಾಡುತ್ತಿರುವ ಫಿಟ್ಸ್ ಔಷಧಿಯನ್ನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಒಂದರ ಹಿಂದೊಂದು ಬಿಡದೆ ಬರುವ ಅಪಾಯವಿದೆ. ನ್ಯುಮೋನಿಯಾಕ್ಕಿಂತ ಅದು ದೊಡ್ಡ ಅಪಾಯ. ಡೋಸ್ ಇಳಿಸುವುದೋ ಬಿಡಿಸುವುದೋ ಅಗತ್ಯವಾದರೆ ಅದನ್ನು ಹಂತಹಂತವಾಗಿ ನಿಮ್ಮ ನರರೋಗ ತಜ್ಞರೇ ಮಾಡಬೇಕು.

ಇನ್ನು ನೀವು ಓದಿದ ಎರಡು ಮಾತು. ಎರಡಕ್ಕೂ ಆಧಾರವಿದೆ, ಎರಡೂ ಪೂರ್ತಿ ನಿಜವಲ್ಲ. ಬಹುಪಾಲು ಆಧಾರ ಬಂದಿರುವುದು ಪ್ರಯೋಗಾಲಯದ ಗಾಜಿನ ತಟ್ಟೆಯಿಂದ ಮತ್ತು ಇಲಿಗಳಿಂದ. ನಿಮ್ಮ ಮಗನ ಮೈಯಲ್ಲಿ ಏನಾಗುತ್ತಿರಬಹುದು ಎಂದು ತಿಳಿಯಬೇಕಾದರೆ ತಟ್ಟೆಯಲ್ಲಿ ಎಷ್ಟು ಔಷಧಿ ಸುರಿದಿದ್ದರು ಎಂಬ ಲೆಕ್ಕ ಬೇಕು. ಅಲ್ಲಿಗೆ ಆಮೇಲೆ ಬರೋಣ.

ಫಿಟ್ಸ್‌ಗೂ ರೋಗನಿರೋಧಕ ಕಣಗಳಿಗೂ ಏನು ಸಂಬಂಧ ಎಂದು ನಿಮಗೆ ಅನ್ನಿಸಿರಬಹುದು. ಸಂಬಂಧ ಹತ್ತಿರದ್ದೇ. ಮೆದುಳಿನೊಳಗೆ ಮೈಕ್ರೋಗ್ಲಿಯಾ ಎಂಬ ಕಣಗಳಿವೆ, ಅಲ್ಲಿಯೇ ಕಾಯಂ ಬೀಡುಬಿಟ್ಟ ಕಾವಲುಗಾರರು. ಸೋಂಕು ಬಂದರೂ ಏಟು ಬಿದ್ದರೂ, ಅಷ್ಟೇ ಏಕೆ, ಜೋರಾಗಿ ಒಂದು ಫಿಟ್ಸ್ ಬಂದರೂ ಇವು ಎಚ್ಚೆತ್ತು ಇಂಟರ್‌ಲ್ಯೂಕಿನ್-1 ಬೀಟಾ, ಟಿಎನ್‌ಎಫ್ ಮುಂತಾದ ಸಂದೇಶ ರಾಸಾಯನಿಕಗಳನ್ನು ಹೊರಹಾಕುತ್ತವೆ. ಇವುಗಳ ಪೈಕಿ ಇಂಟರ್‌ಲ್ಯೂಕಿನ್-1 ಬೀಟಾದ ಕಿತಾಪತಿ ಚೆನ್ನಾಗಿ ಗೊತ್ತಾಗಿದೆ. ಅದು ನರಕೋಶದ ಮೇಲಿನ ಎನ್‌ಎಂಡಿಎ ಎಂಬ ಗ್ರಾಹಕವನ್ನು (ರಾಸಾಯನಿಕ ಸಂದೇಶ ಹಿಡಿದುಕೊಳ್ಳುವ ಅಣುವನ್ನು) ಇನ್ನಷ್ಟು ಚುರುಕು ಮಾಡುತ್ತದೆ. ಆಗ ಕೋಶದೊಳಗೆ ಕ್ಯಾಲ್ಸಿಯಂ ಹೆಚ್ಚಾಗಿ ನುಗ್ಗುತ್ತದೆ, ಕೋಶ ಸಣ್ಣ ಪ್ರಚೋದನೆಗೂ ಸಿಡಿಯುವ ಸ್ಥಿತಿಗೆ ಬರುತ್ತದೆ. ಇದರ ಜೊತೆಗೆ ರಕ್ತ ಮತ್ತು ಮೆದುಳಿನ ನಡುವಿನ ತಡೆಗೋಡೆ ಸಡಿಲವಾದರೆ ರಕ್ತದ ಆಲ್ಬುಮಿನ್ ಒಳಗೆ ಸೋರುತ್ತದೆ. ಆಸ್ಟ್ರೋಸೈಟ್ ಎಂಬ ಆಸರೆ ಕಣಗಳು ಅದನ್ನು ಹೀರಿಕೊಂಡು, ಹೆಚ್ಚುವರಿ ಪೊಟ್ಯಾಸಿಯಂ ಒರೆಸಿ ತೆಗೆಯುವ ತಮ್ಮ ದಿನದ ಕೆಲಸದಲ್ಲಿ ಹಿಂದೆ ಬೀಳುತ್ತವೆ. ಅಲ್ಲಿಗೆ ಒಂದು ಸುಳಿ ಶುರು: ಫಿಟ್ಸ್‌ನಿಂದ ಉರಿಯೂತ, ಉರಿಯೂತದಿಂದ ಮತ್ತೆ ಫಿಟ್ಸ್. ಜ್ವರ ಬಂದ ದಿನ ಮಕ್ಕಳಲ್ಲಿ ಫಿಟ್ಸ್ ಹೆಚ್ಚುವುದರ ಹಿಂದೆಯೂ ಇಂಥದ್ದೇ ಸಂಗತಿ ಭಾಗಶಃ ಇದೆ.

ಹೀಗಿರುವಾಗ ಉರಿಯೂತ ತಗ್ಗಿಸುವ ಔಷಧಿಯೇ ಫಿಟ್ಸ್ ಔಷಧಿಯೂ ಆಗಬಹುದಲ್ಲ ಎಂಬ ಆಸೆ ಸಹಜ. ಕ್ಯಾನಬಿಡಿಯಾಲ್ ಆ ಆಸೆಗೆ ಹೊಂದುವಂತೆಯೂ ಕಾಣುತ್ತದೆ. ಇದು ಗಾಂಜಾ ಗಿಡದ ಒಂದು ಅಂಶ. ಆದರೆ ನಶೆ ಏರಿಸುವ ಟಿಎಚ್‌ಸಿ ಬೇರೆ, ಇದು ಬೇರೆ. ಟಿಎಚ್‌ಸಿ ಹೋಗಿ ಕೂರುವ ಸಿಬಿ-1, ಸಿಬಿ-2 ಗ್ರಾಹಕಗಳಿಗೆ ಕ್ಯಾನಬಿಡಿಯಾಲ್ ಸರಿಯಾಗಿ ಅಂಟುವುದೇ ಇಲ್ಲ. ಅದು ಕೈಯಾಡಿಸುವ ಜಾಗಗಳೇ ಬೇರೆ: ಜಿಪಿಆರ್-55 ಎಂಬ ಗ್ರಾಹಕವನ್ನು ತಡೆಯುತ್ತದೆ, ಟಿಆರ್‌ಪಿವಿ-1 ಎಂಬ ಇನ್ನೊಂದನ್ನು ಜಡಗೊಳಿಸುತ್ತದೆ, ಅಡೆನೊಸಿನ್ ಎಂಬ ರಾಸಾಯನಿಕ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತದೆ. ಮೊದಲ ಎರಡೂ ನರಕೋಶದ ಕ್ಯಾಲ್ಸಿಯಂ ಹಿಡಿತಕ್ಕೆ ಸೇರಿದವು. ನಿಮ್ಮ ಪ್ರಶ್ನೆಗೆ ಬೇಕಾದದ್ದು ಮೂರನೆಯದು, ಅಡೆನೊಸಿನ್.

ಅಡೆನೊಸಿನ್ ಎಂದರೆ ಮೆದುಳು ತಾನೇ ತಯಾರಿಸಿಕೊಳ್ಳುವ ಫಿಟ್ಸ್ ಔಷಧಿ ಎನ್ನಬಹುದು. ಫಿಟ್ಸ್ ಬಂದಾಗ ಇದರ ಮಟ್ಟ ಏರುತ್ತದೆ, ನರಕೋಶಗಳು ತಣ್ಣಗಾಗುತ್ತವೆ. ಎಷ್ಟೋ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾವಾಗಿಯೇ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಕೆಲಸ ಮುಗಿದ ಮೇಲೆ ಕೋಶಗಳು ಒಂದು ಸಾಗಣೆ ಬಾಗಿಲಿನ ಮೂಲಕ ಅಡೆನೊಸಿನ್ನನ್ನು ಒಳಗೆಳೆದುಕೊಳ್ಳುತ್ತವೆ. ಕ್ಯಾನಬಿಡಿಯಾಲ್ ಆ ಬಾಗಿಲನ್ನು ಅಡ್ಡಗಟ್ಟುತ್ತದೆ, ಅಡೆನೊಸಿನ್ ಹೊರಗೇ ಹೆಚ್ಚು ಹೊತ್ತು ಉಳಿಯುತ್ತದೆ. ನರಕೋಶದ ಮೇಲೆ ಅದು ಎ-1 ಗ್ರಾಹಕವನ್ನು ಮುಟ್ಟಿದರೆ ಸಿಡಿತ ತಗ್ಗುತ್ತದೆ. ಮೈಕ್ರೋಗ್ಲಿಯಾ ಮತ್ತು ಅಂಗಾಂಶಗಳಲ್ಲಿರುವ ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕಣಗಳ ಮೇಲೆ ಎ-2ಎ ಗ್ರಾಹಕವನ್ನು ಮುಟ್ಟಿದರೆ ಟಿಎನ್‌ಎಫ್ ಉತ್ಪಾದನೆ ಇಳಿಯುತ್ತದೆ. ಅಡ್ಡಗಟ್ಟುವುದು ಒಂದೇ ಬಾಗಿಲು, ಪರಿಣಾಮ ಎರಡು ಕಡೆ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಚೊಕ್ಕವಾಗಿ ತೋರಿಸಿತು: ಬ್ಯಾಕ್ಟೀರಿಯಾದ ವಿಷ ಚುಚ್ಚಿದ ಇಲಿಗಳಿಗೆ ಸ್ವಲ್ಪವೇ ಕ್ಯಾನಬಿಡಿಯಾಲ್ ಕೊಟ್ಟಾಗ ಟಿಎನ್‌ಎಫ್ ಕಡಿಮೆಯಾಯಿತು. ಹುಟ್ಟಿನಿಂದಲೇ ಎ-2ಎ ಗ್ರಾಹಕ ಇಲ್ಲದ ಇಲಿಗಳಲ್ಲಿ ಆ ಗುಣ ಕಾಣಲಿಲ್ಲ. ಈ ಬಾಗಿಲನ್ನು ತಡೆಯಲು 250 ನ್ಯಾನೊಮೋಲಾರ್‌ಗಿಂತಲೂ ಕಡಿಮೆ ಸಾಂದ್ರತೆ ಸಾಕಾಗಿತ್ತು. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ.

ಈಗ ಬಿಳಿ ರಕ್ತಕಣ ಸಾಯಿಸುವ ಮಾತಿಗೆ ಬರೋಣ. ತಟ್ಟೆಯಲ್ಲಿ ಬೆಳೆಸಿದ ಲಿಂಫೋಸೈಟ್, ಮೊನೊಸೈಟ್ ಎಂಬ ಬಿಳಿ ರಕ್ತಕಣಗಳ ಮೇಲೆ ಕ್ಯಾನಬಿಡಿಯಾಲ್ ಹಾಕಿದಾಗ ಅವು ಆಕ್ಸಿಡೀಕರಣದ ಒತ್ತಡಕ್ಕೆ ಸಿಕ್ಕಿ ಸತ್ತದ್ದು ನಿಜ. ಲಿಂಫೋಸೈಟ್‌ಗಳಲ್ಲೇ ಒಂದು ಬಗೆಯಾದ ಟಿ ಕಣಗಳು ವೃದ್ಧಿಯಾಗುವುದನ್ನು, ಅದರಲ್ಲೂ ಉರಿಯೂತ ಹಬ್ಬಿಸುವ ಟಿಎಚ್-17 ಎಂಬ ಗುಂಪನ್ನು, ಇದು ತಗ್ಗಿಸಿದ್ದೂ ನಿಜ. ಆದರೆ ಇಂಥ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸುವ ಸಾಂದ್ರತೆ 5 ಮೈಕ್ರೋಮೋಲಾರ್, 10 ಮೈಕ್ರೋಮೋಲಾರ್, ಕೆಲವೊಮ್ಮೆ ಅದಕ್ಕೂ ಮೇಲೆ (ಒಂದು ಮೈಕ್ರೋಮೋಲಾರ್ ಎಂದರೆ ಸಾವಿರ ನ್ಯಾನೊಮೋಲಾರ್). ಕ್ಯಾನಬಿಡಿಯಾಲ್‌ನ ಅಣುತೂಕ 314.5. ಅಂದರೆ 10 ಮೈಕ್ರೋಮೋಲಾರ್ ಆಗಬೇಕಾದರೆ ಒಂದು ಮಿಲಿಲೀಟರಿನಲ್ಲಿ ಸುಮಾರು 3,145 ನ್ಯಾನೊಗ್ರಾಂ ಔಷಧಿ ಇರಬೇಕು. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆರಡು ಸಲ 1,500 ಮಿಲಿಗ್ರಾಂನಂತೆ ವಾರವಿಡೀ ಕೊಟ್ಟು ಅಳೆದಾಗ ರಕ್ತದಲ್ಲಿ ಮಿಲಿಲೀಟರಿಗೆ ಅತಿ ಹೆಚ್ಚೆಂದರೆ ಸುಮಾರು 540 ನ್ಯಾನೊಗ್ರಾಂ ಸಿಕ್ಕಿತು, ಅಂದರೆ 1.7 ಮೈಕ್ರೋಮೋಲಾರ್ ಆಸುಪಾಸು. ಅದರಲ್ಲೂ ನೂರಕ್ಕೆ 94ಕ್ಕೂ ಹೆಚ್ಚು ಭಾಗ ರಕ್ತದ ಪ್ರೋಟೀನ್‌ಗಳಿಗೆ ಅಂಟಿಕೊಂಡೇ ಇರುತ್ತದೆ, ಕಣಗಳ ಕೈಗೆ ಬಿಡಿಯಾಗಿ ಸಿಗುವುದು ಅಳಿದುಳಿದದ್ದು. ತಟ್ಟೆಯಲ್ಲಿ ಪ್ರೋಟೀನ್ ಕಡಿಮೆ, ಹಾಗಾಗಿ ಅಲ್ಲಿ ಔಷಧಿಯ ಏಟು ಇನ್ನೂ ಬಲವಾಗಿ ಬೀಳುತ್ತದೆ. ಒಂದು ಕಣ ಉಪ್ಪುನೀರಿನಲ್ಲಿ ಸತ್ತಿತು ಎಂದ ಮಾತ್ರಕ್ಕೆ ಸಾರಿಗೆ ಉಪ್ಪು ಹಾಕುವುದನ್ನು ಯಾರೂ ಬಿಡುವುದಿಲ್ಲವಲ್ಲ.

ಇಲ್ಲಿ ಒಂದು ಆಕ್ಷೇಪ ಎತ್ತಬಹುದು, ಎತ್ತಲೂಬೇಕು. ಕ್ಯಾನಬಿಡಿಯಾಲ್ ಕೊಬ್ಬಿನಲ್ಲಿ ಕರಗುವ ವಸ್ತು, ಅಂಗಾಂಶಗಳಲ್ಲಿ ಸೇರಿಕೊಳ್ಳುತ್ತದೆ. ರಕ್ತದ ಮಟ್ಟವೊಂದನ್ನೇ ನೋಡಿ ಮೈಯೊಳಗಿನ ಪೂರ್ತಿ ಕಥೆ ಹೇಳಲಾಗದು. ಒಪ್ಪುತ್ತೇನೆ. ಆದರೂ ಕಣಗಳನ್ನು ಕೊಲ್ಲುವ ಪ್ರಮಾಣ ರಕ್ತದಲ್ಲಿ ಸಿಗುವುದಕ್ಕಿಂತ ಹಲವು ಪಟ್ಟು ಮೇಲಿದೆ, ಅಡೆನೊಸಿನ್ ಬಾಗಿಲು ತಡೆಯುವ 250 ನ್ಯಾನೊಮೋಲಾರ್ ಮಾತ್ರ ಕೈಗೆಟಕುವ ದೂರದಲ್ಲಿದೆ. ಹಾಗಾಗಿ ಮನುಷ್ಯರಲ್ಲಿ ಈ ಔಷಧಿ ರೋಗನಿರೋಧಕ ಕಣಗಳಿಗೆ ಏನಾದರೂ ಮಾಡುತ್ತಿದ್ದರೆ ಅದು ಕೊಲ್ಲುವ ಕೆಲಸವಲ್ಲ, ದನಿ ತಗ್ಗಿಸುವ ಕೆಲಸ ಎಂದೇ ನನ್ನ ಎಣಿಕೆ.

ಇಲಿಗಳ ಪ್ರಯೋಗವೊಂದು ಇದಕ್ಕೆ ಇನ್ನೊಂದು ಬಣ್ಣ ಕೊಡುತ್ತದೆ. 2000ನೇ ಇಸವಿಯಲ್ಲಿ ಸಂಧಿವಾತ ಬರಿಸಿದ ಇಲಿಗಳಿಗೆ ಕ್ಯಾನಬಿಡಿಯಾಲ್ ಕೊಟ್ಟು ನೋಡಿದರು. ಕೀಲುಗಳ ಹಾನಿ ಕಡಿಮೆಯಾಯಿತು. ಆದರೆ ಗುಣ ಚೆನ್ನಾಗಿ ಕಂಡದ್ದು ಒಂದು ನಡುವಿನ ಡೋಸ್‌ನಲ್ಲಿ: ಹೊಟ್ಟೆಗೆ ಚುಚ್ಚಿದರೆ ಕಿಲೋಗೆ 5 ಮಿಲಿಗ್ರಾಂ, ಬಾಯಿಂದ ಕೊಟ್ಟರೆ 25. ಅದಕ್ಕಿಂತ ಹೆಚ್ಚಿಸಿದರೆ ಗುಣ ಮತ್ತೆ ಇಳಿಯಿತು. ಡೋಸ್ ಏರಿಸಿದಷ್ಟೂ ರೋಗನಿರೋಧಕ ಶಕ್ತಿ ಕುಗ್ಗುತ್ತಲೇ ಹೋಗುತ್ತದೆ ಎಂಬ ನೇರ ಲೆಕ್ಕ ಈ ಔಷಧಿಗೆ ಒಗ್ಗುವುದಿಲ್ಲ.

ಹಾಗಾದರೆ ಮಗನ ಫಿಟ್ಸ್ ಇಳಿದದ್ದು ಉರಿಯೂತ ಇಳಿದದ್ದರಿಂದಲೇ? ಮುಖ್ಯವಾಗಿ ಅಲ್ಲ ಎಂಬುದು ನನ್ನ ಅಭಿಪ್ರಾಯ. ಕಾರಣವಿದೆ. ಆರೋಗ್ಯವಂತ ಇಲಿಗೆ ಕ್ಯಾನಬಿಡಿಯಾಲ್ ಕೊಟ್ಟು, ಸ್ವಲ್ಪ ಹೊತ್ತಿಗೆ ವಿದ್ಯುತ್ ಆಘಾತದಿಂದ ಫಿಟ್ಸ್ ಬರಿಸಲು ಹೋದರೆ ಔಷಧಿ ಅದನ್ನು ತಡೆಯುತ್ತದೆ. ಅಲ್ಲಿ ಉರಿಯೂತ ಹುಟ್ಟಲು ಸಮಯವೇ ಇರುವುದಿಲ್ಲ. ಮೆದುಳಿನ ತೆಳುವಾದ ಹೋಳನ್ನು ಕತ್ತರಿಸಿ ತಟ್ಟೆಯಲ್ಲಿಟ್ಟಾಗಲೂ ಫಿಟ್ಸ್‌ನಂಥ ವಿದ್ಯುತ್ ಚಟುವಟಿಕೆಯನ್ನು ಇದು ತಗ್ಗಿಸುತ್ತದೆ. ಆ ಹೋಳಿಗೆ ರಕ್ತವೇ ಹರಿಯುವುದಿಲ್ಲ, ರಕ್ತಕಣಗಳ ಮಾತು ದೂರ ಉಳಿಯಿತು. ನೇರವಾಗಿ ನರಕೋಶದ ಮೇಲೆ ಆಗುವ ಕೆಲಸ ಮೊದಲನೆಯದು. ಸುಳಿಯ ಇನ್ನೊಂದು ತುದಿಯಲ್ಲಿ ಮೈಕ್ರೋಗ್ಲಿಯಾ ಸ್ವಲ್ಪ ಸುಮ್ಮನಾಗುತ್ತಿದ್ದರೆ ಅದು ಮೇಲಿನ ಲಾಭ. ಫಿಟ್ಸ್ ಕಡಿಮೆಯಾದರೆ ಉರಿಯೂತವೂ ತಾನಾಗಿಯೇ ಇಳಿಯುತ್ತದೆ, ಆದ್ದರಿಂದ ಯಾವುದು ಮೊದಲು ಯಾವುದು ಆಮೇಲೆ ಎಂದು ಬಿಡಿಸುವುದು ಸುಲಭವಲ್ಲ.

ರೋಗಿಗಳ ಮೇಲಿನ ಪ್ರಯೋಗಗಳು ಎಣಿಸಿದ್ದು ಫಿಟ್ಸ್‌ಗಳನ್ನು. ಲೆನಾಕ್ಸ್-ಗ್ಯಾಸ್ಟೊ ಇರುವ 225 ಜನರ ಪ್ರಯೋಗದಲ್ಲಿ ದಿನಕ್ಕೆ ಕಿಲೋಗೆ 20 ಮಿಲಿಗ್ರಾಂ ಪಡೆದವರಲ್ಲಿ ಬೀಳಿಸುವ ಫಿಟ್ಸ್ ಶೇ. 41.9, 10 ಮಿಲಿಗ್ರಾಂ ಪಡೆದವರಲ್ಲಿ ಶೇ. 37.2, ಔಷಧಿಯಿಲ್ಲದ ಹುಸಿ ದ್ರಾವಣ ಕುಡಿದವರಲ್ಲಿ ಶೇ. 17.2 ಇಳಿದವು. ಇಂಥ ಪ್ರಯೋಗಗಳ ಬಲದ ಮೇಲೆಯೇ 2018ರ ಜೂನ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಲೆನಾಕ್ಸ್-ಗ್ಯಾಸ್ಟೊ ಮತ್ತು ಎಳವೆಯ ಇನ್ನೊಂದು ತೀವ್ರ ಫಿಟ್ಸ್ ಕಾಯಿಲೆಯಾದ ಡ್ರಾವೆ ಸಿಂಡ್ರೋಮ್‌ಗಳಿಗೆ, 2020ರಲ್ಲಿ ಮೆದುಳು ಮುಂತಾದ ಅಂಗಗಳಲ್ಲಿ ಗಂಟು ಬೆಳೆಯುವ ಟ್ಯೂಬರಸ್ ಸ್ಕ್ಲೆರೋಸಿಸ್‌ಗೆ ಎಪಿಡಿಯೊಲೆಕ್ಸ್ ಹೆಸರಿನ ಕ್ಯಾನಬಿಡಿಯಾಲ್ ದ್ರಾವಣವನ್ನು ಒಪ್ಪಿತು. ನಿಮ್ಮ ಮಗನಿಗೆ ಸಿಕ್ಕಿರುವ ಗುಣ ಈ ಅಂಕಿಗಳಿಗೆ ಹೊಂದುತ್ತದೆ.

ಸೋಂಕಿನ ವಿಷಯದಲ್ಲಿ ನಿಮ್ಮ ಅನುಮಾನವನ್ನು ನಾನು ತಳ್ಳಿಹಾಕುವುದಿಲ್ಲ. ಅವೇ ಪ್ರಯೋಗಗಳಲ್ಲಿ ಅಡ್ಡಪರಿಣಾಮಗಳ ಪಟ್ಟಿಯನ್ನು ನೋಡಿದರೆ, ಕ್ಯಾನಬಿಡಿಯಾಲ್ ಪಡೆದ ನೂರರಲ್ಲಿ ಸುಮಾರು 40 ಮಂದಿಗೆ ಯಾವುದೋ ಒಂದು ಸೋಂಕು ಬಂದಿತ್ತು, ಹುಸಿ ದ್ರಾವಣದ ಗುಂಪಿನಲ್ಲಿ 31. ನ್ಯುಮೋನಿಯಾ 10 ಮಿಲಿಗ್ರಾಂ ಗುಂಪಿನಲ್ಲಿ ನೂರಕ್ಕೆ 8, 20 ಮಿಲಿಗ್ರಾಂ ಗುಂಪಿನಲ್ಲಿ 5, ಹುಸಿ ಗುಂಪಿನಲ್ಲಿ 1. ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಆದರೆ ಇನ್ನೊಮ್ಮೆ ನೋಡಿ: ದೊಡ್ಡ ಡೋಸ್‌ನವರಿಗಿಂತ ಸಣ್ಣ ಡೋಸ್‌ನವರಲ್ಲೇ ನ್ಯುಮೋನಿಯಾ ಹೆಚ್ಚು. ಬಿಳಿ ರಕ್ತಕಣಗಳಿಗೆ ಔಷಧಿ ನೇರವಾಗಿ ಏಟು ಕೊಡುತ್ತಿದ್ದರೆ ಲೆಕ್ಕ ತಿರುಗುಮುರುಗಾಗಬೇಕಿತ್ತು.

ನಾನು ಅನುಮಾನಿಸುವುದು ನಿದ್ದೆಯನ್ನು. ಕ್ಯಾನಬಿಡಿಯಾಲ್ ಪಡೆದವರಲ್ಲಿ ಮಂಪರು, ತೂಕಡಿಕೆ ನೂರಕ್ಕೆ 32 ಮಂದಿಗೆ ಕಂಡಿತು, ಹುಸಿ ಗುಂಪಿನಲ್ಲಿ 11. ಜೊತೆಗೆ ಕ್ಲೋಬಜಾಮ್ ಇದ್ದವರಲ್ಲಿ ಅದು 46, ಇಲ್ಲದವರಲ್ಲಿ 16. ಏಕೆಂದರೆ ಕ್ಲೋಬಜಾಮ್ ಒಡೆದು ಉಂಟಾಗುವ ಇನ್ನೊಂದು ವಸ್ತುವೂ ನಿದ್ದೆ ಬರಿಸುತ್ತದೆ. ಅದನ್ನು ಹೊರಹಾಕುವ ಲಿವರ್ ಕಿಣ್ವವನ್ನು ಕ್ಯಾನಬಿಡಿಯಾಲ್ ತಡೆಯುವುದರಿಂದ ಆ ವಸ್ತು ರಕ್ತದಲ್ಲಿ ಗುಡ್ಡೆಬೀಳುತ್ತದೆ. ಕ್ಲೋಬಜಾಮ್ ಗುಳಿಗೆಯ ಲೆಕ್ಕ ಬದಲಾಗಿಲ್ಲ, ಮೈಯಲ್ಲಿ ಮಾತ್ರ ಅದು ದೊಡ್ಡ ಡೋಸ್‌ನಂತೆ ಕೆಲಸ ಮಾಡುತ್ತಿದೆ. ಮಂಪರಿನಲ್ಲಿರುವ ಮಗು ಸರಿಯಾಗಿ ನುಂಗುವುದಿಲ್ಲ, ಜೊಲ್ಲು ಶ್ವಾಸನಾಳಕ್ಕೆ ಇಳಿಯುತ್ತದೆ, ಗಟ್ಟಿಯಾಗಿ ಕೆಮ್ಮಿ ಕಫ ತೆಗೆಯಲು ಆಗುವುದಿಲ್ಲ. ಲೆನಾಕ್ಸ್-ಗ್ಯಾಸ್ಟೊ ಇರುವ ಎಷ್ಟೋ ಮಕ್ಕಳಿಗೆ ನುಂಗುವ ತೊಂದರೆ ಮೊದಲೇ ಇರುತ್ತದೆ. ಎದೆಯಲ್ಲಿ ಪದೇಪದೇ ಕಫ ಕಟ್ಟಲು ಇಷ್ಟು ಸಾಕು, ಟಿ ಕಣಗಳನ್ನು ಎಳೆದು ತರಬೇಕಿಲ್ಲ.

ಆದ್ದರಿಂದ ಮುಂದಿನ ಭೇಟಿಯಲ್ಲಿ ವೈದ್ಯರ ಹತ್ತಿರ ನೇರವಾಗಿ ಕೇಳಿ: ಕ್ಲೋಬಜಾಮ್ ಸ್ವಲ್ಪ ಇಳಿಸಬಹುದೇ? ಕ್ಯಾನಬಿಡಿಯಾಲ್ ಬಿಡಿಸುವ ಮೊದಲು ನಾನಾದರೆ ಮಾಡುವುದು ಅದನ್ನೇ. ನುಂಗುವುದನ್ನು ಪರೀಕ್ಷಿಸಲು ಹೇಳಿ. ಅಲ್ಲಿಯವರೆಗೆ ಮಗು ಪೂರ್ತಿ ಎಚ್ಚರವಿದ್ದಾಗ, ನೆಟ್ಟಗೆ ಕೂರಿಸಿಯೇ ಉಣಿಸಿ. ಸಂಪೂರ್ಣ ರಕ್ತಕಣ ಎಣಿಕೆಯೂ ಆಗಬೇಕು. ಅದರಲ್ಲಿ ಬಿಳಿ ಕಣಗಳ ಜೊತೆಗೆ ಹಿಮೋಗ್ಲೋಬಿನ್ ನೋಡಲು ಹೇಳಿ, ಏಕೆಂದರೆ ಪ್ರಯೋಗಗಳಲ್ಲಿ ಕ್ಯಾನಬಿಡಿಯಾಲ್ ಪಡೆದ ನೂರರಲ್ಲಿ 30 ಮಂದಿಗೆ ಹೊಸದಾಗಿ ರಕ್ತಹೀನತೆ ಕಂಡುಬಂದಿತ್ತು, ಹುಸಿ ಗುಂಪಿನಲ್ಲಿ 13. ಪ್ಲೇಟ್‌ಲೆಟ್ ಕಡಿಮೆ ಬಂದರೆ ಮೊದಲು ವ್ಯಾಲ್ಪ್ರೊಯೇಟ್ ಕಡೆ ಕಣ್ಣು ಹಾಯಿಸಬೇಕು, ಅದು ಅದರ ಹಳೆಯ ಚಾಳಿ. ಲಿವರ್ ಪರೀಕ್ಷೆಯನ್ನಂತೂ ತಪ್ಪಿಸಲೇಬೇಡಿ. ವ್ಯಾಲ್ಪ್ರೊಯೇಟ್, ಕ್ಲೋಬಜಾಮ್ ಎರಡೂ ಇದ್ದು ಮೇಲೆ ಕ್ಯಾನಬಿಡಿಯಾಲ್ ಸೇರಿದವರಲ್ಲಿ ನೂರಕ್ಕೆ 30 ಮಂದಿಗೆ ಲಿವರ್ ಕಿಣ್ವ ಸಹಜ ಮಿತಿಯ ಮೂರು ಪಟ್ಟು ಮೀರಿತ್ತು, ಎರಡೂ ಇಲ್ಲದವರಲ್ಲಿ 3 ಮಾತ್ರ. ನಿಮ್ಮ ಮಗ ಮೊದಲ ಗುಂಪಿನವನು.

ಲಸಿಕೆ ಬಿಡಬೇಡಿ. ಫ್ಲೂ ಮತ್ತು ನ್ಯುಮೋಕಾಕಸ್ ಲಸಿಕೆಗಳು ಇಂಥ ಮಕ್ಕಳಿಗೆ ಉಳಿದವರಿಗಿಂತ ಹೆಚ್ಚು ಬೇಕು.

ಕ್ಯಾನಬಿಡಿಯಾಲ್‌ನಿಂದ ರೋಗನಿರೋಧಕ ಶಕ್ತಿ ನಿಜವಾಗಿಯೂ ಕುಗ್ಗಬಹುದಾದ ಒಂದು ಸಂದರ್ಭವಿದೆ. ಅದು ನಿಮ್ಮ ಮಗನದಲ್ಲ, ಆದರೆ ಇದನ್ನು ಓದುವ ಬೇರೆ ತಂದೆತಾಯಿಗೆ ಬೇಕಾದೀತು. ಟ್ಯೂಬರಸ್ ಸ್ಕ್ಲೆರೋಸಿಸ್ ಇರುವವರಿಗೆ ಎವರೊಲಿಮಸ್ ಕೊಡುತ್ತಾರೆ, ಅಂಗ ಕಸಿ ಆದವರಿಗೆ ಟ್ಯಾಕ್ರೊಲಿಮಸ್. ಇವು ರೋಗನಿರೋಧಕ ಕಣಗಳನ್ನು ತಗ್ಗಿಸುವುದರಲ್ಲಿ ಪಳಗಿದ ಔಷಧಿಗಳು. ಕ್ಯಾನಬಿಡಿಯಾಲ್ ಜೊತೆಗೆ ಸೇರಿದಾಗ ಎವರೊಲಿಮಸ್‌ನ ರಕ್ತದ ಮಟ್ಟ ಸುಮಾರು ಎರಡೂವರೆ ಪಟ್ಟು ಏರಿದ್ದು ಅಳೆದು ಗೊತ್ತಾಗಿದೆ. ಟ್ಯಾಕ್ರೊಲಿಮಸ್ ಕೂಡ ಏರುತ್ತದೆ. ಅಂದರೆ ಕ್ಯಾನಬಿಡಿಯಾಲ್ ಕಣಗಳ ಮೇಲೆ ತಾನೇ ಕೈ ಮಾಡಬೇಕಾಗಿಲ್ಲ, ಕೈ ಮಾಡುವವರ ಬಲ ಹೆಚ್ಚಿಸಿದರೆ ಸಾಕು. ಇವುಗಳಲ್ಲಿ ಯಾವುದಾದರೂ ಕ್ಯಾನಬಿಡಿಯಾಲ್ ಜೊತೆಗಿದ್ದರೆ ಅದರ ರಕ್ತದ ಮಟ್ಟ ಅಳೆದು, ಬೇಕಾದಷ್ಟು ಡೋಸ್ ಇಳಿಸಬೇಕು.

ಹಾಗೆಯೇ, ರೋಗನಿರೋಧಕ ಕಣಗಳೇ ಫಿಟ್ಸ್‌ಗೆ ಮೂಲವಾದ ಕಾಯಿಲೆಗಳಿವೆ. ರಾಸ್‌ಮುಸೆನ್ ಎನ್ಸೆಫಲೈಟಿಸ್‌ನಲ್ಲಿ ಸಿಡಿ-8 ಟಿ ಕಣಗಳು ಮೆದುಳಿನ ಒಂದು ಪಕ್ಕವನ್ನು ಕೊರೆಯುತ್ತವೆ. ಸ್ವಯಂನಿರೋಧಕ ಎನ್ಸೆಫಲೈಟಿಸ್‌ನಲ್ಲಿ ಪ್ರತಿಕಾಯಗಳು ನರಕೋಶದ ಗ್ರಾಹಕಗಳ ಮೇಲೇ ಎರಗುತ್ತವೆ. ಅಲ್ಲಿ ಬೇಕಾದದ್ದು ಸ್ಟಿರಾಯ್ಡ್, ಇಮ್ಯುನೊಗ್ಲೋಬ್ಯುಲಿನ್‌ನಂಥ ಚಿಕಿತ್ಸೆ, ಅದೂ ಬೇಗ. ಉರಿಯೂತ ಇಳಿಸುತ್ತದಂತೆ ಎಂದು ಕ್ಯಾನಬಿಡಿಯಾಲ್ ಹಿಡಿದು ಕೂತರೆ ಅಮೂಲ್ಯ ವಾರಗಳು ಕಳೆದುಹೋಗುತ್ತವೆ. ಜ್ವರದ ಬೆನ್ನಲ್ಲೇ ಹಠಾತ್ತನೆ ಶುರುವಾಗಿ ಐಸಿಯು ಸೇರಿಸುವ ಫೈರಿಸ್ ಎಂಬ ಭಯಂಕರ ಸ್ಥಿತಿಯಲ್ಲಿ ಏಳು ಮಕ್ಕಳಿಗೆ ಕ್ಯಾನಬಿಡಿಯಾಲ್ ಕೊಟ್ಟಾಗ ಆರು ಮಕ್ಕಳ ಫಿಟ್ಸ್ ಇಳಿದವು ಎಂಬ ವರದಿ 2017ರಲ್ಲಿ ಬಂತು. ಓದಿ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆದರೆ ಹೋಲಿಕೆಗೆ ಔಷಧಿ ಪಡೆಯದ ಗುಂಪು ಅಲ್ಲಿರಲಿಲ್ಲ, ಏಳೇ ಮಕ್ಕಳು.

ಒಂದು ಮಾತು ಸೀಸೆಯ ಬಗ್ಗೆ. ನೀವು ಕೊಡುತ್ತಿರುವುದು ವೈದ್ಯರು ಬರೆದುಕೊಟ್ಟ ಶುದ್ಧ ದ್ರಾವಣವೋ, ಆನ್‌ಲೈನ್‌ನಲ್ಲಿ ಸಿಗುವ ಸಿಬಿಡಿ (ಕ್ಯಾನಬಿಡಿಯಾಲ್) ಎಣ್ಣೆಯೋ ಎಂದು ನೀವು ಬರೆದಿಲ್ಲ. ಆನ್‌ಲೈನಿನಲ್ಲಿ ಮಾರುವ 84 ಉತ್ಪನ್ನಗಳನ್ನು ಪರೀಕ್ಷಿಸಿದ ಅಮೆರಿಕದ ಒಂದು ಅಧ್ಯಯನದಲ್ಲಿ ಲೇಬಲ್ಲಿಗೂ ಒಳಗಿನ ಪ್ರಮಾಣಕ್ಕೂ ತಾಳೆಯಾದದ್ದು 26ರಲ್ಲಿ ಮಾತ್ರ. 18ರಲ್ಲಿ ಟಿಎಚ್‌ಸಿ ಇತ್ತು. ಮೇಲೆ ಹೇಳಿದ ಯಾವ ಅಂಕಿಯೂ ಅಂಥ ಎಣ್ಣೆಗೆ ಅನ್ವಯಿಸುವುದಿಲ್ಲ. ಎರಡನೆಯದಾಗಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ.

ಇನ್ನೊಂದು ವಿಷಯವನ್ನು ನೀವು ಕೇಳಿಲ್ಲ, ಆದರೆ ಮುಂದಿನ ಸಲ ಕಫ ಕಟ್ಟಿದಾಗ ಎದುರಾಗುತ್ತದೆ. ಕೊಬ್ಬಿನಂಶ ಹೆಚ್ಚಿರುವ ಊಟದ ಜೊತೆ ತೆಗೆದುಕೊಂಡರೆ ಕ್ಯಾನಬಿಡಿಯಾಲ್ ಖಾಲಿ ಹೊಟ್ಟೆಗಿಂತ ನಾಲ್ಕೈದು ಪಟ್ಟು ಹೆಚ್ಚು ರಕ್ತ ಸೇರುತ್ತದೆ. ಜ್ವರ ಬಂದ ಮಗು ಊಟ ಬಿಟ್ಟರೆ, ಡೋಸ್ ಅಷ್ಟೇ ಕೊಟ್ಟರೂ ರಕ್ತದಲ್ಲಿ ಮಟ್ಟ ಕುಸಿಯುತ್ತದೆ. ಆ ದಿನಗಳಲ್ಲಿ ಫಿಟ್ಸ್ ಹೆಚ್ಚಾದರೆ ದೂರನ್ನೆಲ್ಲ ಜ್ವರದ ಮೇಲೇ ಹಾಕಬೇಡಿ. ಪ್ರತಿ ಸಲವೂ ಒಂದೇ ರೀತಿ, ಊಟದ ಜೊತೆಗೇ ಕೊಡುವ ಅಭ್ಯಾಸವಿರಲಿ. ಊಟ ಸೇರದ ದಿನ, ವಾಂತಿಯಾದ ದಿನ ಏನು ಮಾಡಬೇಕು ಎಂಬುದನ್ನು ವೈದ್ಯರಿಂದ ಮೊದಲೇ ಬರೆಸಿಟ್ಟುಕೊಳ್ಳಿ. ಜ್ವರದ ಜೊತೆ ಉಸಿರಾಟದ ವೇಗ ಹೆಚ್ಚಿದರೆ, ತುಟಿ ನೀಲಿಯಾದರೆ, ಎಬ್ಬಿಸಿದರೂ ಎಚ್ಚರಗೊಳ್ಳದಂಥ ಮಂಪರಿದ್ದರೆ ಫೋನಿಗೆ ಕಾಯದೆ ಆಸ್ಪತ್ರೆಗೆ ಹೊರಡಿ, ಹೋಗುವಾಗ ಮೂರೂ ಔಷಧಿಯ ಸೀಸೆಗಳನ್ನು ಜೊತೆಗೆ ಒಯ್ಯಿರಿ.